ತಂಪಿನ ಪಾಲು, ತಂಪಿನ ದರ

ತಂಪು ನಳದಲ್ಲಿ ಹರಿದು ಮನೆಮನೆಗೆ ಬರುವಂತಾದರೆ ಅದನ್ನು ಹಂಚಬೇಕೋ, ಮಾರಬೇಕೋ? ಈ ಜಗಳ ತೀರ್ಮಾನಿಸಲು ರಾಜ್ಯದ ತಂಪು ಮಂಡಳಿ ನಮ್ಮ ಬಂಡೆಹಾಳವನ್ನು ಆರಿಸಿಕೊಂಡಿತು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಪ್ರಯೋಗಾಲಯದ ಇಲಿಯನ್ನು ಯಾರಾದರೂ ಕೇಳುತ್ತಾರೆಯೇ? ರೈಲು ಹಳಿ ಊರ ನಡುವೆ ಹಾದು ಊರನ್ನು ಹೆಚ್ಚು ಕಡಿಮೆ ಸರಿಯಾಗಿ ಎರಡು ಹೋಳು ಮಾಡಿದೆ. ಪಕ್ಕದಲ್ಲೇ ಮುಚ್ಚಿಹೋದ ಸಿಮೆಂಟ್ ಕಾರ್ಖಾನೆಯ ಆಳವಾದ ಕಲ್ಲಿನ ಖಣಿ ಇದೆ. ಅವರಿಗೆ ಅಷ್ಟೇ ಸಾಕಾಯಿತು.

ಖಣಿಗೆ ನೀರು ತುಂಬಿ, ಮೇಲೆ ದಪ್ಪನೆಯ ಮುಚ್ಚಿಗೆ ಹಾಕಿ, ಚಳಿಗಾಲವಿಡೀ ಬಿಸಿಲಿನ ವಿದ್ಯುತ್ತಿನಿಂದ ಆ ನೀರನ್ನು ಹೆಪ್ಪುಗಟ್ಟಿಸಿದರು. ಬೇಸಿಗೆ ಬಂದಾಗ ಉಪ್ಪುನೀರು ಆ ಮಂಜುಗಡ್ಡೆಯ ನಡುವೆ ಸುತ್ತಿ, ತಣ್ಣಗಾಗಿ, ನೆಲದಡಿಯ ನಳಗಳಲ್ಲಿ ಊರಿಗೆ ಬರುತ್ತದೆ. ಪ್ರತಿ ಮನೆಯ ಪಡಸಾಲೆಯಲ್ಲಿ ನಮ್ಮ ಸೀಮೆಯದೇ ಒಂದು ದೊಡ್ಡ ಫರಸಿಕಲ್ಲು ಹಾಸಿದ್ದಾರೆ. ನಳ ಆ ಕಲ್ಲಿನ ಕೆಳಗೆ ಸುತ್ತಿ ಹಾಯ್ದು, ಸಾಲಿನ ಮುಂದಿನ ಮನೆಗೆ ಹೋಗುತ್ತದೆ. ಕಲ್ಲು ತಣ್ಣಗಾಗುತ್ತದೆ, ಜನ ಅದರ ಮೇಲೆ ಮಲಗುತ್ತಾರೆ. ಇದು ಶ್ರೀಮಂತಿಕೆಯ ಮಾತಲ್ಲ. ಈಗಿನ ಬಿಸಿಲು ಐವತ್ತು ದಾಟುತ್ತದೆ, ಮಧ್ಯಾಹ್ನ ಆ ಕಲ್ಲು ಇಲ್ಲದಿದ್ದರೆ ನಮ್ಮಲ್ಲಿ ಮುದುಕರೂ ಕೂಸುಗಳೂ ಉಳಿಯುವುದಿಲ್ಲ.

ಹಳಿಯ ಪೂರ್ವಕ್ಕೆ ಸಮಪಾಲು. ತಲೆಗಿಷ್ಟು ಎಂದು ತಂಪು ಹಂಚಿಕೆ. ಬಡವ, ಬಲ್ಲಿದ, ಎಲ್ಲರಿಗೂ ಒಂದೇ. ಹಳಿಯ ಪಶ್ಚಿಮಕ್ಕೆ ಬಿಕರಿ. ತಾಸಿಗೊಂದು ದರ, ಬೇಕಾದವರು ಬೇಕಾದಷ್ಟು ಕೊಳ್ಳಬಹುದು. ಒಂದು ಬೇಸಿಗೆ ನೋಡಿ, ಗೆದ್ದ ಪದ್ಧತಿಯನ್ನು ರಾಜ್ಯಕ್ಕೆಲ್ಲ ತರುವುದು ಮಂಡಳಿಯ ಲೆಕ್ಕಾಚಾರ.

ನಾನು ಶಿವಲೀಲಾ, ಪೂರ್ವದ ಸೋರಿಕೆ ತನಿಖೆಯ ಇಂಜಿನಿಯರು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಕಾರ್ಖಾನೆಯ ಹಳೆಯ ಟೈಮ್ ಆಫೀಸಿನಲ್ಲಿ ನಿಯಂತ್ರಣ ಕೊಠಡಿ ಮಾಡಿದ್ದಾರೆ. ಒಂದು ಗೋಡೆಗೆ ನನ್ನ ಪರದೆ, ಎದುರು ಗೋಡೆಗೆ ಪಶ್ಚಿಮ ನೋಡಿಕೊಳ್ಳುವ ದೇಶಮುಖರ ಪರದೆ. ನಾವಿಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತೇವೆ. ಗೆದ್ದ ಕಡೆಯವರ ನೌಕರಿ ಕಾಯಂ, ಸೋತ ಕಡೆಯವರು ಮನೆಗೆ ಎಂದು ಮಂಡಳಿಯವರು ಮೊದಲ ದಿನವೇ ಹೇಳಿದ್ದರಿಂದ ನಮ್ಮಿಬ್ಬರ ಸ್ನೇಹ ಚಹಾದ ಲೋಟ ದಾಟಿ ಮುಂದೆ ಹೋಗಲಿಲ್ಲ. ನಾನು ಎದ್ದುಹೋದಾಗ ಅವರು ನನ್ನ ಪರದೆ ನೋಡುತ್ತಾರೆಂದು ನನಗೆ ಖಾತ್ರಿಯಿತ್ತು, ಯಾಕೆಂದರೆ ಅವರು ಎದ್ದುಹೋದಾಗ ನಾನು ಅವರದನ್ನು ನೋಡುತ್ತಿದ್ದೆ.

ಮಧ್ಯಾಹ್ನ ಏರಿದಂತೆ ಪಶ್ಚಿಮದಲ್ಲಿ ದರ ಏರುತ್ತಿತ್ತು. ದರ ಏರಿದಂತೆ ಅಲ್ಲಿನ ಹಿಂದಿನ ಓಣಿಗಳ ಮನೆಗಳು ಒಂದೊಂದಾಗಿ ತಂಪು ಕೊಳ್ಳುವುದು ಬಿಟ್ಟು ಪರದೆಯ ಮೇಲೆ ಕೆಂಪಾಗುತ್ತಿದ್ದವು. ಉಳ್ಳವರಿದ್ದ ಮುಂದಿನ ಬೀದಿಯಲ್ಲಿ ಮಾತ್ರ ಜನರಿಲ್ಲದ ಮನೆಗಳೂ ನೀಲಿಯಾಗಿ ಇರುತ್ತಿದ್ದವು.

“ನಿಮ್ಮ ಕಡಿ ಸಾಯ್ಲಿಕತ್ತಾರ ಮಂದಿ” ಎಂದು ಒಂದು ದಿನ ಬಾಯಿಬಿಟ್ಟು ಹೇಳಿದೆ. ಹಿಂದಿನ ಓಣಿಯಲ್ಲಿ ಇಬ್ಬರು ಮುದುಕರು ತೀರಿಕೊಂಡಿದ್ದರು. ಮಂಡಳಿಯ ವರದಿಯಲ್ಲಿ ಕಾರಣ ‘ವಯಸ್ಸು’ ಎಂದಿತ್ತು.

ದೇಶಮುಖರು ತಿರುಗಲಿಲ್ಲ. “ದರ ಇಲ್ಲಂದ್ರ ಯಾರೂ ಉಳಸಂಗಿಲ್ಲ ಮೇಡಂ. ನಿಮ್ಮ ಓಣಿ ನೋಡ್ರಿ, ಮನಿಗಿ ಕೀಲಿ ಹಾಕಿ ಲಗ್ನಕ್ಕ ಹೋದವರ ಕಲ್ಲೂ ತಣ್ಣಗ ಅದ. ಪಾಲು ಬಿಟ್ಟಿ ಬಂದದ, ಯಾರಿಗೇನು? ಖಣ್ಯಾಗಿನ ಮಂಜುಗಡ್ಡಿ ಮಳಿಗಾಲ ತನಕ ಬಾಳ್ತದೇನು ಹಿಂಗ ಮಾಡಿದ್ರ?”

ಅದೂ ಸುಳ್ಳಲ್ಲ. ಸುಳ್ಳಲ್ಲದ್ದರಿಂದಲೇ ನನಗೆ ಸಿಟ್ಟು ಬಂತು.

ಮನೆಯಲ್ಲೂ ಇದೇ ಮಾತು. ನಮ್ಮದು ಕಾರ್ಖಾನೆಯ ಹಳೆ ಕ್ವಾರ್ಟರ್ಸಿನ ನಾಲ್ಕನೇ ಸಾಲು, ಪೂರ್ವದಲ್ಲಿ. ನನ್ನ ಗಂಡ ರೈಲ್ವೆಯವನು, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ನಾನು, ಮಾವ ಅಂಬಾರಾಯ, ಅತ್ತೆ ನೀಲಗಂಗಮ್ಮ. ಮಾವ ಕ್ರಷರಿನಲ್ಲಿ ಕಲ್ಲಿನ ಧೂಳು ಕುಡಿದು ಕುಡಿದು ಎದೆ ಕೆಡಿಸಿಕೊಂಡವರು. ಯೂನಿಯನ್ನಿನ ಮುಂದಾಳಾಗಿ ಲಾಠಿ ಏಟು ತಿಂದವರು. ಮಧ್ಯಾಹ್ನದ ಹೊತ್ತು ಮೈ ಕಾಯಿಸಿಕೊಂಡರೆ ಈ ಎದೆ ನಿಂತುಹೋಗುತ್ತದೆ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಪೂರ್ವದ ಪಾಲು ಸಮಿತಿಗೆ ಅವರೇ ಅಧ್ಯಕ್ಷರು.

“ಆ ಕಡಿ ನೋಡು, ರೊಕ್ಕ ಇದ್ದವನ ಕಲ್ಲು ತಣ್ಣಗ, ಇಲ್ಲದವನ ಹೆಣ ತಣ್ಣಗ” ಎನ್ನುತ್ತಿದ್ದರು ಮಾವ, ಊಟಕ್ಕೆ ಕೂತಾಗ.

“ಈ ಕಡಿ ಏನು ಸ್ವರ್ಗ ಅದ?” ಅತ್ತೆ ಬಡಿಸುತ್ತಲೇ ಮೂಗು ಮುರಿಯುತ್ತಿದ್ದರು. “ಓಣ್ಯಾಗಿನ ನಳದ ಹೊದಿಕಿ ಹರಿದು ಎಷ್ಟ ದಿನ ಆಯ್ತು, ತಂಪೆಲ್ಲ ಗಟಾರಕ್ಕ ಹೊಂಟದ. ಯಾವನರೆ ಒಂದು ಚಿಂದಿ ಸುತ್ತ್ಯಾನ? ಎಲ್ಲಾರ ನಳ ಅದ ಅಂತ ಎಲ್ಲಾರೂ ದಾಟಿ ಹೋಗ್ತಾರ.”

“ಸಮಿತ್ಯಾಗ ಎತ್ತೀನಿ ಆ ಮಾತು.”

“ಎತ್ತರಿ, ಎತ್ತರಿ. ಎತ್ತೋದ್ರಾಗ ನೀವು ಗಟ್ಟಿ.”

ರೋಗಿಗಳಿಗೆ ಹೆಚ್ಚಿನ ಪಾಲು ಕೊಡೋಣ ಎಂದು ಸಮಿತಿಯವರೇ ಒಮ್ಮೆ ಸೂಚಿಸಿದ್ದರು. ಮಾವನ ಮುಖ ನೋಡಿಯೇ ಸೂಚಿಸಿದ್ದರು. ಮಾವ ಒಪ್ಪಲಿಲ್ಲ. ಇವತ್ತು ರೋಗಿಗೆ ಹೆಚ್ಚು ಅಂದರೆ ನಾಳೆ ಅರ್ಧ ಊರು ಕೆಮ್ಮುತ್ತದೆ ಎಂದರು. ಜನರ ಮೇಲೆ ಪ್ರಾಣ ಇಟ್ಟುಕೊಂಡ ಮನುಷ್ಯನಿಗೆ ಜನರ ಮೇಲೆ ಇಷ್ಟು ಅನುಮಾನ ಹೇಗೆ ಎಂದು ನನಗೆ ಆಶ್ಚರ್ಯವಾಗಿತ್ತು. ಪಾಲು ಮಾರಬಾರದು, ಕೊಳ್ಳಬಾರದು ಎಂಬ ನಿಯಮವೂ ಅವರದೇ. ಮಾರಿದವರು ಬಡತನಕ್ಕೆ ಮಾರಿರುತ್ತಾರೆ, ಅವರನ್ನು ಬಿಡಿ, ಕೊಂಡವನ ಮನೆಯ ಕೀಲಿ ಮಾತ್ರ ಮಳೆ ಬರುವ ತನಕ ಬಂದ್ ಎಂದು ಅವರು ಗುಡುಗಿದ್ದರು. ಕೀಲಿ ಎಂದರೆ ಮನೆಗೆ ತಂಪು ಬಿಡುವ ನಳದ ತಿರುಗಣೆ. ಅದು ಬಂದ್ ಆದರೆ ನೀರು ಆ ಮನೆಯ ಕಲ್ಲು ಬಿಟ್ಟು ನೇರ ಮುಂದಿನ ಮನೆಗೆ ಹೋಗುತ್ತದೆ.

ಆಶ್ಚರ್ಯವೆಂದರೆ ಆ ಬೇಸಿಗೆ ಮಾವ ಚೆನ್ನಾಗಿದ್ದರು. ಸಂಜೆ ನಾನು ಬರುವಾಗ ಮುಖದಲ್ಲಿ ಕಳೆ, ಉಸಿರಾಟ ಸಲೀಸು. “ನೋಡಿದ್ಯಾ, ನ್ಯಾಯದ ತಂಪು” ಎಂದು ಕಲ್ಲು ತಟ್ಟಿ ತೋರಿಸುತ್ತಿದ್ದರು. ನನಗೂ ಹೆಮ್ಮೆ ಅನ್ನಿಸುತ್ತಿತ್ತು. ಊರೆಲ್ಲ ಅನುಮಾನಿಸುವವಳು ಮನೆಯ ಹೊಸ್ತಿಲು ದಾಟಿದ ಮೇಲೆ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಿದ್ದೆ.

ಮೇ ತಿಂಗಳ ನಡುವೆ ಒಂದು ದಿನ ದೇಶಮುಖರು ಕುರ್ಚಿ ತಿರುಗಿಸಿದರು. ಅವರಾಗಿ ತಿರುಗಿದ್ದು ಅದೇ ಮೊದಲು.

“ಮೇಡಂ, ನಿಮ್ಮ ಸಮಪಾಲಿನ ಹೊಟ್ಯಾಗ ಸಂತಿ ಹುಟ್ಟ್ಯಾದ” ಎಂದು ತಮ್ಮ ಪರದೆಯತ್ತ ಕೈ ಮಾಡಿದರು.

ಕಾರ್ಖಾನೆಯ ಗೋಪುರದ ಮೇಲೆ ಶಾಖ ನೋಡುವ ಕ್ಯಾಮೆರಾ ಒಂದಿದೆ. ಪ್ರತಿ ಮನೆಗೂ ನೀರಿನ ಮೀಟರು ಇದ್ದದ್ದರಿಂದ ಅದನ್ನು ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ದೇಶಮುಖರು ಅದನ್ನು ಪೂರ್ವದ ಕಡೆಗೆ ತಿರುಗಿಸಿದ್ದರು. ಸಮಪಾಲಿನ ಊರಿನಲ್ಲಿ ಮಾಳಿಗೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಬಣ್ಣ ಇರಬೇಕು. ನಾಲ್ಕನೇ ಸಾಲಿನ ಮಧ್ಯದಲ್ಲಿ ಮಾತ್ರ ಒಂದು ಮಾಳಿಗೆ ಬೆಂಕಿಯಾಗಿತ್ತು, ಅದರ ಪಕ್ಕದಲ್ಲೇ ಒಂದು ಕಡುನೀಲಿ. ಮೀಟರು ನೋಡಿದರೆ ಎರಡೂ ಮನೆಗೆ ಅವರವರ ಪಾಲಿನಷ್ಟೇ ನೀರು ಹರಿದಿತ್ತು. ಒಂದು ಮನೆಯ ತಂಪು ಇನ್ನೊಂದು ಮನೆಗೆ ಹೋಗುತ್ತಿತ್ತು, ಹೇಗೆಂಬುದು ಮಾತ್ರ ತಿಳಿಯಲಿಲ್ಲ.

“ಸಾಲು ಯಾವುದಂತ ಮಂಡಳಿಗಿ ತಿಳಿಸೀನಿ. ಮನಿ ಯಾವುದಂತ ಹುಡುಕೋದು ನಿಮ್ಮ ಕೆಲಸ” ಎಂದು ದೇಶಮುಖರು ಮತ್ತೆ ಬೆನ್ನು ತಿರುಗಿಸಿದರು.

ಹುಡುಕಬೇಕಾಗಿರಲಿಲ್ಲ. ಆ ನೀಲಿ ಮಾಳಿಗೆಯ ಮೇಲೆ ನಾನೇ ಒಣಹಾಕಿದ ಸೀರೆ ಇತ್ತು. ಇದು ದೇಶಮುಖರಿಗೆ ಗೊತ್ತಿದೆಯೋ ಇಲ್ಲವೋ ಎಂದು ಅವರ ಬೆನ್ನನ್ನೇ ನೋಡುತ್ತಾ ಕೂತೆ. ಬೆನ್ನಿನಿಂದ ಏನೂ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಹೊಟ್ಟೆನೋವೆಂದು ಹೇಳಿ ಮನೆಗೆ ಬಂದೆ. ಆ ಬೇಸಿಗೆಯಲ್ಲಿ ಹಗಲು ಮನೆಗೆ ಬಂದದ್ದು ಅದೇ ಮೊದಲು. ಮಾವ ಕಲ್ಲಿನ ಮೇಲೆ ನಿದ್ದೆ ಹೋಗಿದ್ದರು. ಅಂಗೈ ಇಟ್ಟೆ, ಜುಮ್ಮೆನ್ನುವಷ್ಟು ತಣ್ಣಗಿತ್ತು. ಅತ್ತೆ ಇರಲಿಲ್ಲ. ಪಕ್ಕದ ಮನೆಯಲ್ಲಿ ಅವರ ದನಿ ಕೇಳಿಸಿತು.

ಪಕ್ಕದ ಮನೆ ಮಹೆಬೂಬಿಯದು. ನಳ ಅವಳ ಮನೆ ಹಾಯ್ದು ನಮ್ಮ ಮನೆಗೆ ಬರುತ್ತದೆ. ಗಂಡ ಲಾರಿ ಹತ್ತಿ ಹೋದವನು ಬಂದಾಗ ಬಂದ. ಅವಳು ಕೌದಿ ಹೊಲಿದು ಮಾರಿ ಕೂಸನ್ನು ಸಾಕುತ್ತಿದ್ದಳು. ಹಳೆಯ ಸೀರೆ, ಧೋತರದ ತುಂಡು ಜೋಡಿಸಿ ಹೊಲಿಯುವ ಆ ದಪ್ಪ ಕೌದಿಗಳನ್ನು ಹೊದೆಯುವ ಚಳಿ ಈಗ ನಮ್ಮ ಕಡೆ ಎಲ್ಲಿದೆ? ಮಾರಾಟವಾಗದ ಕೌದಿಗಳ ರಾಶಿ ಮನೆ ತುಂಬಿತ್ತು.

ಒಳಗೆ ಹೋದೆ. ಪಡಸಾಲೆಯ ಕಲ್ಲಿನ ಮೇಲೆ ಒಂದರ ಮೇಲೊಂದು ಕೌದಿ ಹಾಸಿತ್ತು, ಸೊಂಟದೆತ್ತರಕ್ಕೆ. ಮಹೆಬೂಬಿ ಬಚ್ಚಲಿನಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು, ಮಡಿಲಲ್ಲಿ ಕೂಸು. ಕೂಸಿನ ಕತ್ತಿನ ತುಂಬ ಕೆಂಪು ಬೊಬ್ಬೆ. ಅತ್ತೆ ರೊಟ್ಟಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಕೌದಿಯಡಿಯ ಕಲ್ಲು ಮನೆಯ ಕಾವನ್ನು ಹೀರುವುದಿಲ್ಲ, ನಳದ ನೀರು ಬಿಸಿಯಾಗದೆ ಹಾಗೇ ಮುಂದೆ ಹೋಗುತ್ತದೆ, ಅದರ ತಂಪೆಲ್ಲ ನಮ್ಮ ಕಲ್ಲಿಗೆ. ಮೀಟರು ನೀರು ಅಳೆಯುತ್ತದೆ, ತಂಪನ್ನಲ್ಲ. ಬೇಸಿಗೆಯಲ್ಲಿ ತಣ್ಣನೆಯ ಕಲ್ಲಿನ ಮೇಲೆ ಕೌದಿ ಹಾಸುವ ಹುಚ್ಚರು ಇರುತ್ತಾರೆಂದು ಈ ಯಂತ್ರ ಮಾಡಿದ ಯಾವ ಜಾಣನಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

“ಅತ್ಯವ್ವಾ, ಇದೇನಿದು?”

ಅತ್ತೆ ತಲೆ ತಗ್ಗಿಸುವವರಲ್ಲ. “ಏನು ಅಂದ್ರ? ಒಂದಿನ ಇಕಿ ಕೌದಿ ಹರವಿ ಹೊಲಿಲಿಕತ್ತಿದ್ಲು, ನಮ್ಮ ಕಲ್ಲು ಗಡ್ಡಿ ಆದಂಗ ಆಯ್ತು. ನಿಮ್ಮ ಮಾಮಾ ಅವತ್ತ ಮೊದಲ ಸಲ ಕೆಮ್ಮಲಾರದ ಮಲಗಿದ್ರು. ದಿನಾ ಹರವು ತಂಗಿ ಅಂದೆ. ಅಷ್ಟ.”

“ಅದಕ್ಕ ರೊಟ್ಟಿ ಕೊಡ್ತೀರಿ. ಪಾಲು ಕೊಂಡಂಗ ಆಯ್ತಲ್ಲ.”

“ಕೊಂಡಿಲ್ಲ ನಾ! ಅಕಿ ಡಬ್ಬಿ ನಮ್ಮನಿಗಿ ಬಂದಿತ್ತು, ಖಾಲಿ ಡಬ್ಬಿ ಹ್ಯಾಂಗ ಕಳಸ್ಲಿ? ಯಾರರೆ ಖಾಲಿ ಡಬ್ಬಿ ಕಳಸ್ತಾರೇನು? ನಾಕು ರೊಟ್ಟಿ ಹಾಕಿ ಕೊಟ್ಟೆ. ಮರುದಿನಾ ಡಬ್ಬಿ ಮತ್ತ ಬಂತು.”

“ಮೊದಲ ನಾಕು, ಈಗ ಎಂಟು” ಎಂದಳು ಮಹೆಬೂಬಿ ಬಚ್ಚಲಿನಿಂದ. ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ. “ಬಿಸಿಲು ಏರ್ತು ಅಕ್ಕಾ. ನಾ ಕೂಡೋದು ಬೆಂಕ್ಯಾಗ. ಎಂಟು ಬೇಕು ಅಂದೆ. ದೊಡ್ಡವ್ವ ಕೊಟ್ರು.”

ಅತ್ತೆಯ ಮುಖ ನೋಡಿದೆ. ತಾವು ನೆರೆಮನೆಯ ಪ್ರೀತಿ ಅಂದುಕೊಂಡದ್ದಕ್ಕೆ ದರ ಇತ್ತೆಂದು ಅವರಿಗೆ ಆಗಲೇ ತಿಳಿದದ್ದೋ, ಅಥವಾ ತಿಳಿದೂ ತಿಳಿಯದಂತೆ ಇದ್ದರೋ, ಹೇಳಲಾರೆ. ಮಾವನಿಗೆ ಏನಾದರೂ ಗೊತ್ತೇ ಎಂದು ಕೇಳಿದೆ. “ಅವರಿಗಿ ಗೊತ್ತಾದ್ರ ಎದ್ದು ಬಿಸಿಲಾಗ ಹೋಗಿ ಕೂಡ್ತಾರ” ಎಂದರು ಅತ್ತೆ. ಅದು ನಿಜವೆಂದು ನನಗೂ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಮರಳಿದೆ.

ಮಂಡಳಿಯ ಸುದ್ದಿ ಸಮಿತಿಗೆ ಮುಟ್ಟಿತು. ನಾಲ್ಕನೇ ಸಾಲಿನಲ್ಲಿ ಕಳ್ಳನಿದ್ದಾನೆ ಎಂಬ ಮಾತು ಓಣಿ ತುಂಬ ಹರಡಿ, ನೆರೆಯವರು ಒಬ್ಬರ ಮನೆಯ ಕಲ್ಲನ್ನು ಒಬ್ಬರು ನೆಪ ಮಾಡಿಕೊಂಡು ಬಂದು ಮುಟ್ಟಿ ನೋಡುವಂತಾಯಿತು. ಉಪ್ಪು ಕೇಳಲು ಬಂದವಳು ಚಪ್ಪಲಿ ಬಿಟ್ಟು ಅಂಗಾಲಿನಿಂದ ಕಲ್ಲು ಒತ್ತುತ್ತಿದ್ದಳು. ಮಾವ ದಿನಾ ನನ್ನ ಬೆನ್ನುಹತ್ತಿದರು: “ಯಾವ ಮನಿ ಯವ್ವಾ? ನಿನ್ನ ಯಂತ್ರಕ್ಕ ಕಾಣಂಗಿಲ್ಲೇನು?”

“ಇನ್ನೂ ಗೊತ್ತಾಗಿಲ್ಲ ಮಾಮಾ.”

“ನನಗ ಗೊತ್ತದ. ಗಿರಣಿ ಚಂದ್ರಶಾ. ನಮ್ಮ ಸಾಲಿನಾಗ ಕೊಳ್ಳೋ ತಾಕತ್ತು ಇದ್ದಾಂವ ಅವನೊಬ್ಬನ.”

ಹಿಟ್ಟಿನ ಗಿರಣಿಯ ಚಂದ್ರಶಾನ ಮನೆ ನಮ್ಮ ಮನೆಯ ಆಚೆಗೆ. ಅವನ ತಾಯಿ ಹಾಸಿಗೆ ಹಿಡಿದು ಆ ಕಲ್ಲಿನ ಮೇಲೇ ದಿನ ಕಳೆಯುತ್ತಿದ್ದಳು.

ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಕಾರ್ಖಾನೆಯ ಗೇಟಿನ ಮುಂದೆ ಸಭೆ ಸೇರಿತು. ಮಾವ ಎದ್ದು ನಿಂತರು. ಎದೆ ಕೆಟ್ಟವರು ಎಂದು ಯಾರೂ ಹೇಳಲಾರರು, ಹಾಗಿತ್ತು ದನಿ.

“ಹಂಚಿಕೊಂಡು ಉಣ್ಣೋಣು ಅಂತ ಮಾಡಿದ್ದು ಇದು. ಇದರಾಗ ಒಬ್ಬಾಂವ ರೊಕ್ಕದ ಸೊಕ್ಕಿನಿಂದ ಮಂದಿ ತಂಪು ಕೊಂಡಾನ. ಇವತ್ತ ಒಂದು ಮನಿ ಪಾಲು ಕೊಂಡಾಂವ ನಾಳಿ ಓಣಿ ಕೊಳ್ತಾನ. ಚಂದ್ರಶಾ, ಎದ್ದು ನಿಂದ್ರು.”

ಚಂದ್ರಶಾ ಎದ್ದ, ಬೆವತಿದ್ದ. “ಅಣ್ಣಾರ, ನಮ್ಮವ್ವನ ಆಣಿ, ನಾ ಕೊಂಡಿಲ್ರಿ.”

“ಹಂಗಾರ ಯಾರು ಕೊಂಡಾರ? ನಿನ್ನ ಕೀಲಿ ಬಂದ್ ಮಾಡಿದ್ರ ಸುಳ್ಳೋ ಖರೇನೋ ಗೊತ್ತಾಗ್ತದ.”

ಯಾರೋ ಕೀಲಿ ತಿರುಗಿಸುವ ಪಾನಾ ತರಲು ಹೊರಟರು. ಚಂದ್ರಶಾ ನನ್ನ ಕಡೆ ನೋಡಿದ. ಅವನಿಗೆ ನನ್ನ ಮೇಲೆ ಅನುಮಾನವಿತ್ತೋ ಏನೋ ಗೊತ್ತಿಲ್ಲ. ಸುಮ್ಮನಿದ್ದರೆ ಆ ಮುದುಕಿ ಸಾಯುತ್ತಾಳೆ. ಬಾಯಿಬಿಟ್ಟರೆ ನಮ್ಮ ಮುದುಕ.

“ಅವರಲ್ಲ ಮಾಮಾ” ಎಂದೆ. “ಕೊಂಡಿದ್ದು ನಮ್ಮ ಮನಿ.”

ಮಾವನಿಗೆ ಅರ್ಥವಾಗಲಿಲ್ಲ. ನಾನು ಕೌದಿಯ ವಿಷಯ ಪೂರ್ತಿ ಹೇಳಿದೆ. ಹೇಳುತ್ತಾ ಹೋದಂತೆ ಅವರು ಹೆಂಡತಿಯ ಕಡೆ ತಿರುಗಿದರು. ಅತ್ತೆ ಸೆರಗು ಬಿಗಿದು ಎದ್ದು ನಿಂತರು. “ಹೌದು, ನಾ ಮಾಡೀನಿ. ನಿಮ್ಮ ಸಮಪಾಲು ನಿಮಗ ಸಾಲ್ತಿರಲಿಲ್ಲ. ಸತ್ತ ಮ್ಯಾಲ ಸಮಾಧಿಗಿ ಹಾರ ಹಾಕ್ತಿತ್ತು ಸಮಿತಿ. ನನಗ ಗಂಡ ಬೇಕಿತ್ತು.”

ಗುಂಪಿನ ಹಿಂದಿನಿಂದ ಮಹೆಬೂಬಿ ಮುಂದೆ ಬಂದಳು, ಸೊಂಟದಲ್ಲಿ ಕೂಸು.

“ಕಾಕಾ, ನಂದೊಂದು ಮಾತು ಅದ. ಆ ಪಾಲು ನಂದೋ, ಸಮಿತಿದೋ? ನಂದಾದ್ರ ನಾ ಮಾರ್ತೀನಿ, ಬಿಡ್ತೀನಿ. ಸಮಿತಿದಾದ್ರ, ನಿಂದು ನಿಂದು ಅಂತ ಯಾಕ ಹೇಳಿದ್ರಿ?”

“ನಿಂದ ಯವ್ವಾ. ನಿನ್ನ ಮೈಗಿ ಅಂತ ಕೊಟ್ಟಿದ್ದು. ಮಾರ್ಲಿಕ್ಕಲ್ಲ.”

“ಮೈ ತಂಪಾದ್ರ ಹೊಟ್ಟಿ ತುಂಬ್ತದೇನು? ಹೊಟ್ಟಿ ಪಾಲು ಯಾರೂ ಹಂಚಿಲ್ಲಲ್ಲ. ನನ್ನ ಹತ್ತರ ಮಾರೋದಕ್ಕ ಇದ್ದದ್ದು ಅದೊಂದ.”

ಮಾವ ಅವಳ ಹತ್ತಿರ ಹೋಗಿ ಕೂಸಿನ ಕತ್ತಿನ ಬೊಬ್ಬೆಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. “ಇದರ ತಂಪು ನಾ ಉಂಡೀನಿ” ಎಂದಷ್ಟೇ ಹೇಳಿದರು. ನನ್ನ ಮಾವ ಅತ್ತದ್ದನ್ನು ನಾನು ಅವತ್ತೇ ಕಂಡದ್ದು.

ಪಾನಾ ಅವರೇ ಇಸಿದುಕೊಂಡರು. ಮನೆಗೆ ಬಂದು ನಮ್ಮ ಕೀಲಿ ಅವರೇ ಬಂದ್ ಮಾಡಿದರು. ಚಂದ್ರಶಾ ಕೂಡ ಕೈ ಹಿಡಿದುಕೊಂಡು ಬೇಡ ಎಂದ. “ನನಗೊಂದು ಕಾಯ್ದೆ, ಓಣಿಗೊಂದು ಕಾಯ್ದೆ ಅಂದ್ರ ಹಳಿ ದಾಟಿ ಆ ಕಡಿ ಹೋಗೋದ ಛಲೋ” ಎಂದು ಕೈ ಬಿಡಿಸಿಕೊಂಡರು.

ಮರುದಿನ ಮಧ್ಯಾಹ್ನ ಅತ್ತೆ ಫೋನು ಮಾಡಿದರು. ನಾನು ಓಡಿ ಬಂದೆ. ಮಾವ ಬಾಗಿಲಿಗೆ ಒರಗಿ ಕೂತು ಬಾಯಿಂದ ಉಸಿರೆಳೆಯುತ್ತಿದ್ದರು. ತುಟಿ ಕಪ್ಪಾಗಿತ್ತು. ಒದ್ದೆ ಬಟ್ಟೆ ಹಾಕಿದ ಮರುಗಳಿಗೆ ಒಣಗುತ್ತಿತ್ತು. ಪಶ್ಚಿಮದಲ್ಲಿ ಒಂದು ಕೋಣೆ ಹಿಡಿಯೋಣ, ನನ್ನ ಸಂಬಳದಲ್ಲಿ ಮಧ್ಯಾಹ್ನದ ದರ ಕೊಡುತ್ತೇನೆ ಎಂದೆ. ಬೇಡವೆಂದು ತಲೆ ಅಲ್ಲಾಡಿಸಿದರು.

ಅಷ್ಟರಲ್ಲಿ ಮಹೆಬೂಬಿ ಬಂದು ನಿಂತಳು. “ಕಾಕಾ, ನಮ್ಮನಿಗಿ ನಡೀರಿ. ಕೌದಿ ತಗದೀನಿ. ಕಲ್ಲು ತಣ್ಣಗ ಅದ, ಮಲಗ್ರಿ.”

ಮಾವ ಅವಳನ್ನು ಅನುಮಾನದಿಂದ ನೋಡಿದರು. “ಏನು ಕೊಡಬೇಕು ನಿನಗ?”

“ಏನೂ ಬ್ಯಾಡ ಅಂದ್ರ ನೀವು ನಂಬಂಗಿಲ್ಲ, ಗೊತ್ತದ ನನಗ. ಕೂಸಿನ ನೋಡ್ಕೊಳ್ರಿ. ಕೂಸು ಮಡಿಲಾಗ ಇದ್ರ ಸೂಜಿ ಹಿಡಿಯೋದು ಹ್ಯಾಂಗ? ಈಗ ಕೌದಿ ಹೊಲಿಲಿಕತ್ತೀನಿ, ನಳಕ್ಕ ಸುತ್ತಲಿಕ್ಕಿ. ಓಣ್ಯಾಗಿನ ನಳಕ್ಕ. ಸಮಿತಿಯವರು ಬೇಕಂದಾರ.”

ಮಾವ ತಮ್ಮದೇ ನಿಯಮಗಳನ್ನು ಮನಸ್ಸಿನಲ್ಲಿ ಒಂದೊಂದಾಗಿ ತಿರುವಿಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮಾರಬಾರದು, ಕೊಳ್ಳಬಾರದು. ಮನೆಗೆ ಬಂದವರನ್ನು ಕಲ್ಲಿನ ಮೇಲೆ ಕೂರಿಸಬಾರದು ಎಂದು ಎಲ್ಲೂ ಹೇಳಿರಲಿಲ್ಲ. ಅದನ್ನು ನಿಯಮದಲ್ಲಿ ಹಾಕಬೇಕೆಂದು ಅವರಂಥ ಅನುಮಾನದ ಮನುಷ್ಯನಿಗೂ ಹೊಳೆದಿರಲಿಲ್ಲ. ಗೋಡೆ ಹಿಡಿದು ಎದ್ದು ಅವಳ ಹಿಂದೆ ಹೋದರು. ಅತ್ತೆ ಹೋಗಲಿಲ್ಲ. “ನಾ ಹೋದ್ರ ಡಬ್ಬಿ ಒಯ್ಯಬೇಕು ಅನ್ನಿಸ್ತದ” ಎಂದು ಬಚ್ಚಲಿನಲ್ಲೇ ಕೂತರು.

ಹೀಗೆ ದಿನಗಳು ಸಾಗಿದವು. ಮಾವನ ಉಸಿರು ಸರಿಹೋಯಿತು. ಕೂಸಿನ ಬೊಬ್ಬೆಗಳು ಮಾಯ್ದವು. ಇಬ್ಬರೂ ಒಂದೇ ಕಲ್ಲಿನ ಮೇಲೆ ಮಧ್ಯಾಹ್ನವೆಲ್ಲ ಮಲಗುತ್ತಿದ್ದರು.

ಆದರೆ ಮಂಡಳಿಗೆ ಕೌದಿಯ ಸುದ್ದಿ ತಲುಪಿತ್ತು. ಅವರು ಕಲ್ಲುಗಳ ಒಳಗೆ ಮೊದಲೇ ಹುದುಗಿಸಿಟ್ಟಿದ್ದ ಕಣ್ಣುಗಳನ್ನು ಚಾಲೂ ಮಾಡಿದರು. ಅಂಥವು ಇವೆ ಎಂದು ನಮಗೂ ಹೇಳಿರಲಿಲ್ಲ. ಯಾವ ಕಲ್ಲಿನ ಮೇಲೆ ಎಷ್ಟು ಮೈ ಮಲಗಿವೆ ಎಂದು ಅವು ಕಾವಿನಿಂದಲೇ ಎಣಿಸುತ್ತವೆ. ಪೂರ್ವದಲ್ಲಿ ಪಾಲಿನ, ಪಶ್ಚಿಮದಲ್ಲಿ ಕೊಂಡವರ ಪಟ್ಟಿಗಿಂತ ಹೆಚ್ಚು ಮೈ ಕಂಡರೆ ಪರದೆಯ ಮೇಲೆ ಎಚ್ಚರಿಕೆ. ಕಾರಣ ಬರೆಯಬೇಕು, ಇಲ್ಲವೇ ಆ ಮನೆಯ ಕೀಲಿ ತಾನಾಗಿ ಬಂದ್.

ಮೊದಲ ಮಧ್ಯಾಹ್ನವೇ ನನ್ನ ಪರದೆ ಕೂಗಿತು. ನಾಲ್ಕನೇ ಸಾಲು, ಮಹೆಬೂಬಿಯ ಮನೆ. ಪಟ್ಟಿಯಲ್ಲಿ ಇಬ್ಬರು, ಕಲ್ಲಿನ ಮೇಲೆ ಮೂವರು. ಎರಡು ದೊಡ್ಡ ಕಾವು, ನಡುವೆ ಒಂದು ಪುಟ್ಟ ಕಾವು. ಬೆರಳು ಒತ್ತುಗುಂಡಿಯ ಮೇಲೆ ನಿಂತಿತು. ಹಿಂದೆ ದೇಶಮುಖರ ಕುರ್ಚಿ ಕಿರ್ರೆಂದಿತು. ಅವರು ನೋಡುತ್ತಿದ್ದಾರೆಂದು ನನ್ನ ಕತ್ತಿಗೆ ಗೊತ್ತಾಯಿತು. ಏನಾದರಾಗಲಿ ಎಂದು ಬರೆದೆ: ‘ಕಲ್ಲಿನ ಕಣ್ಣು ಕೆಟ್ಟಿದೆ.’

“ಛಲೋ ಆತು” ಎಂದರು ದೇಶಮುಖರು ಮೆಲ್ಲಗೆ. “ನಿಮ್ಮ ಕಡಿ ಹಂಗ ಬರದ್ರ ನಡೀತದ. ನನ್ನ ಕಡಿ ಕೆಟ್ಟದ ಅಂತ ಬರದ್ರ ತಾಸಿನೊಳಗ ಹುಡುಗರು ಬಂದು ರಿಪೇರಿ ಮಾಡಿ ಹೋಗ್ತಾರ.”

ತಿರುಗಿದೆ. ಅವರ ಪರದೆಯಲ್ಲಿ ಮುಂದಿನ ಬೀದಿಯ ಒಂದು ದೊಡ್ಡ ಮನೆ ಮಿನುಗುತ್ತಿತ್ತು. ಮನೆಯವರು ಬೆಟ್ಟದೂರಿಗೆ ಹೋಗಿದ್ದರು, ತಂಪು ಮಾತ್ರ ಕೊಂಡಿಟ್ಟಿದ್ದರು, ಸಾಕಿದ ನಾಯಿಗೆಂದು. ಕಲ್ಲಿನ ಮೇಲೆ ಹನ್ನೊಂದು ಕಾವುಗಳಿದ್ದವು.

“ಕಾವಲುಗಾರ ಹಿತ್ತಲ ಬಾಗಿಲಾ ತಗೀತಾನ. ಹಿಂದಿನ ಓಣಿಯವರು” ಎಂದರು.

“ಏನು ಬರದ್ರಿ?”

“ನಾಯಿ ಮರಿ ಹಾಕ್ಯಾದ ಅಂತ.”

ನಗು ಬಂತು, ನಗಲಿಲ್ಲ. “ಕಾವಲುಗಾರ ಅವರಿಂದ ಏನರೆ ಇಸಗೋತಾನೇನು?”

“ಕೇಳಿಲ್ಲ. ಕೇಳಿದ್ರ ಬರೀಬೇಕಾಗ್ತದ.”

ಇದನ್ನೆಲ್ಲ ಅವರು ನನ್ನನ್ನು ನಂಬಿ ಹೇಳಿದರೋ, ನನ್ನ ಬಾಯಿ ಕಟ್ಟಿಹಾಕಲು ಹೇಳಿದರೋ, ಈಗಲೂ ನನಗೆ ತಿಳಿಯದು. ನನ್ನ ಕೊರಳು ಅವರ ಕೈಯಲ್ಲಿ, ಅವರದು ನನ್ನ ಕೈಯಲ್ಲಿ. ಆವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೇಳದೆ ಬರೆಯುತ್ತಾ ಹೋದೆವು.

ಆ ಸಂಜೆ ಮಾವ ನನಗಾಗಿ ಕಾದು ಕೂತಿದ್ದರು. ಕಲ್ಲಿನ ಕಣ್ಣುಗಳ ಸುದ್ದಿ ಓಣಿಗೆ ಬಂದಿತ್ತು.

“ಶಿವಲೀಲಾ, ಆ ಮನಿ ಕಲ್ಲಿನ ಮ್ಯಾಲ ನಾನೂ ಮಲಗೀನಿ ಅಂತ ನಿನ್ನ ಯಂತ್ರಕ್ಕ ಕಂಡದ. ಏನು ಬರದಿ?”

ಅವರಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ನಿಜ ಹೇಳಿದರೆ ನಾಳೆಯಿಂದ ಆ ಮನೆಗೆ ಹೋಗುವುದಿಲ್ಲ ಎನ್ನುತ್ತಾರೆ, ಎಂದ ಮೇಲೆ ಖಂಡಿತ ಹೋಗುವುದಿಲ್ಲ. “ಕಲ್ಲಿನ ಕಣ್ಣು ಕೆಟ್ಟದ ಅಂತ ಬರದೀನಿ ಮಾಮಾ” ಎಂದೆ.

“ಕೆಟ್ಟದೇನು?”

ಅವರು ನನ್ನ ಮುಖವನ್ನೇ ನೋಡಿದರು. ಜೀವಮಾನವೆಲ್ಲ ಮ್ಯಾನೇಜರುಗಳ ಸುಳ್ಳನ್ನು ಮುಖ ನೋಡಿ ಹಿಡಿದ ಮನುಷ್ಯ. ನಾನು ಕಣ್ಣು ತಗ್ಗಿಸಿದೆ.

“ಕೆಟ್ಟದ ಅಂತ ಬರದ ಮ್ಯಾಲ ರಿಪೇರಿಯವರು ಬರಬೇಕಲ್ಲ.”

“ಅರ್ಜಿ ಹಾಕೀನಿ.”

“ನಮ್ಮ ಸಮಪಾಲಿನ ಕಡಿ ಅರ್ಜಿ ಹಾಕಿದ್ರ ಯಾವಾಗ ಬರ್ತಾರ ಅವರು?”

“ಮಳಿಗಾಲಕ್ಕ ಬಂದ್ರೂ ಬಂದ್ರು ಮಾಮಾ.”

ಒಳಗೆ ಅತ್ತೆಯ ಲಟ್ಟಣಿಗೆಯ ಸದ್ದು ನಿಂತಿತು. ಇಂಥ ತಡದ ವಿರುದ್ಧವೇ ನನ್ನ ಮಾವ ಆಫೀಸುಗಳ ಮುಂದೆ ಧರಣಿ ಕೂತವರು, ಗೇಟಿಗೆ ಬೀಗ ಜಡಿದವರು. ಅವರು ಎದ್ದು ನನ್ನ ತಲೆಯ ಮೇಲೆ ಕೈ ಇಟ್ಟರು.

“ಹಂಗಾರ ಅವಸರ ಮಾಡಬ್ಯಾಡ ಯವ್ವಾ” ಎಂದರು. “ಇದ್ದದ್ದು ಇರ್ಲಿ.”